ಕೋರ್ಟ್ ಮುಂದೆ 200 ಹಿಮಸಾರಂಗದ ತಲೆಗಳು: ಸಾಮಿ ಕಲಾವಿದರು ಹೇಳ್ತಿರೋದೇನು?

(ಪಾಡ್‌ಕಾಸ್ಟ್‌ನ ಬರಹ ರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಇವತ್ತಿನ ಎಪಿಸೋಡ್ ಕಲೆಯ ಬಗ್ಗೆ. ಆದರೆ ಕಥೆ ಶುರುವಾಗೋದು ಒಂದು ಕೋರ್ಟ್ ಮುಂದೆ.

2016ರ ಫೆಬ್ರವರಿ. ನಾರ್ವೆಯ ಉತ್ತರ ತುದಿಯಲ್ಲಿ ತಾನಾ ಅಂತ ಒಂದು ಊರು. ಅಲ್ಲಿನ ಜಿಲ್ಲಾ ನ್ಯಾಯಾಲಯದ ಎದುರು, ಹಿಮದ ಮೇಲೆ, 200 ಹಿಮಸಾರಂಗಗಳ ತಲೆಗಳನ್ನು ರಾಶಿ ಹಾಕಿದ್ದರು. ಚರ್ಮ, ಕಣ್ಣು ಎಲ್ಲ ಹಾಗೇ ಇದ್ದ ತಲೆಗಳು. ರಾಶಿಯ ತುದಿಯಲ್ಲಿ ನಾರ್ವೆಯ ಧ್ವಜ. ಇದನ್ನು ಮಾಡಿದ್ದು ಮಾರೆತ್ ಆನ್ನೆ ಸಾರಾ ಅನ್ನೋ ಕಲಾವಿದೆ. ಒಳಗೆ ನಡೀತಿದ್ದದ್ದು ಆಕೆಯ ತಮ್ಮನ ಕೇಸು.

ಏನು ಕೇಸು ಅಂತ ಹೇಳ್ತೀನಿ. ಅದಕ್ಕೂ ಮುಂಚೆ ಈ ಜನ ಯಾರು ಅಂತ ನೋಡೋಣ.

ಸಾಮಿ ಅಂದ್ರೆ ಯಾರು?

ನಾರ್ವೆ, ಸ್ವೀಡನ್, ಫಿನ್ಲೆಂಡ್ ದೇಶಗಳ ಉತ್ತರ ಭಾಗ, ಜೊತೆಗೆ ರಷ್ಯಾದ ಕೋಲಾ ಪರ್ಯಾಯ ದ್ವೀಪ. ಇಷ್ಟೂ ಸೇರಿದ ನೆಲವನ್ನು ಅಲ್ಲಿನ ಮೂಲನಿವಾಸಿಗಳು 'ಸಾಪ್ಮಿ' ಅಂತಾರೆ. ಆ ಜನರೇ ಸಾಮಿಗಳು. ಹಳೆಯ ಪುಸ್ತಕಗಳಲ್ಲಿ ನೀವು 'ಲ್ಯಾಪ್' ಅನ್ನೋ ಪದ ಓದಿರಬಹುದು. ಅದು ಹೊರಗಿನವರು ಇಟ್ಟ ಹೆಸರು, ಇವತ್ತು ಅವರಿಗೆ ಅದು ಬೈಗುಳದ ಹಾಗೆ ಕೇಳಿಸುತ್ತೆ. ನಾವೂ ಅದನ್ನು ಬಳಸೋದು ಬೇಡ.

ಎಲ್ಲ ಸಾಮಿಗಳೂ ಹಿಮಸಾರಂಗ ಸಾಕಲ್ಲ. ಮೀನುಗಾರರು, ಕೃಷಿಕರು, ಆಫೀಸಿಗೆ ಹೋಗೋರು ಎಲ್ಲರೂ ಇದ್ದಾರೆ. ಆದರೆ ಅವರ ಭಾಷೆ, ಬಟ್ಟೆ, ಹಾಡು, ಕಸುಬು ಎಲ್ಲದರಲ್ಲೂ ಆ ಪ್ರಾಣಿಯ ಹೆಜ್ಜೆ ಗುರುತಿದೆ. ಹಿಂಡು ಸಾಕೋರು ವರ್ಷವನ್ನು ನಾಲ್ಕಲ್ಲ, ಎಂಟು ಋತುಗಳಾಗಿ ಎಣಿಸ್ತಾರೆ. ಚಳಿಗಾಲದಲ್ಲಿ ಹಿಂಡಿನ ಮುಖ್ಯ ಮೇವು ಹಿಮದಡಿ ಬೆಳೆಯೋ ಕಲ್ಲುಹೂವು. ಹೌದು, ನಮ್ಮ ಮಸಾಲೆ ಡಬ್ಬಿಯಲ್ಲಿರುತ್ತಲ್ಲ, ಅದರ ದೂರದ ನೆಂಟ!

ಕೇಸು ಏನು?

2007ರಲ್ಲಿ ನಾರ್ವೆ ಹಿಮಸಾರಂಗ ಸಾಕಣೆಗೆ ಹೊಸ ಕಾನೂನು ತಂತು. ಸರ್ಕಾರದ ವಾದ ಇಷ್ಟು: ಹಿಂಡುಗಳು ದೊಡ್ಡದಾಗಿವೆ, ಹುಲ್ಲುಗಾವಲು ಸವೀತಿದೆ, ಸಂಖ್ಯೆ ಇಳಿಸಬೇಕು. ಕೇಳೋಕೆ ನ್ಯಾಯವಾಗೇ ಇದೆ. ತೊಂದರೆ ಇದ್ದದ್ದು ಲೆಕ್ಕದಲ್ಲಿ. ಹಿಂಡು ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿಮೆ ಮಾಡಬೇಕು ಅಂದರು. ಸಾವಿರಗಟ್ಟಲೆ ಇರೋನಿಗೆ ಅದು ನಷ್ಟ. ಆಗಷ್ಟೇ ಶುರು ಮಾಡಿದ ಹುಡುಗನಿಗೆ ಅದು ಬಾಗಿಲು ಮುಚ್ಚಿದ ಹಾಗೆ.

ಯೊವ್ಸೆತ್ ಆಂತೆ ಸಾರಾ ಅಂಥ ಹುಡುಗ. ವಯಸ್ಸು ಇಪ್ಪತ್ತರ ಆಸುಪಾಸು. ಅವನ ಹತ್ತಿರ ಇದ್ದದ್ದು 116 ಹಿಮಸಾರಂಗ. 75ಕ್ಕೆ ಇಳಿಸು, ಉಳಿದದ್ದನ್ನು ಕಡಿ ಅಂತ ಆದೇಶ ಬಂತು. 75ರಲ್ಲಿ ಬದುಕು ನಡೆಸೋಕೆ ಆಗಲ್ಲ, ಇದು ನನ್ನ ಸಂಸ್ಕೃತಿಯ ಹಕ್ಕನ್ನೇ ಕಿತ್ತುಕೊಳ್ಳುತ್ತೆ ಅಂತ ಅವನು ಸರ್ಕಾರದ ಮೇಲೆ ಕೇಸು ಹಾಕಿದ. ಜಿಲ್ಲಾ ಕೋರ್ಟಿನಲ್ಲಿ ಗೆದ್ದ. ಮೇಲ್ಮನವಿ ಕೋರ್ಟಿನಲ್ಲೂ ಗೆದ್ದ. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ.

ಅಕ್ಕ ಸುಮ್ಮನೆ ಕೂರಲಿಲ್ಲ. ಆ ಡಿಸೆಂಬರ್‌ನಲ್ಲಿ ಓಸ್ಲೋದ ಸಂಸತ್ ಭವನದ ಮುಂದೆ 400 ಹಿಮಸಾರಂಗದ ತಲೆಬುರುಡೆಗಳನ್ನು ಪೋಣಿಸಿ, ಪರದೆ ಥರ ತೂಗುಹಾಕಿದಳು. ಹತ್ತಿರ ಹೋಗಿ ನೋಡಿದರೆ ಬುರುಡೆಗಳ ಹಣೆಯಲ್ಲಿ ಗುಂಡಿನ ತೂತು. ಈ ಇಡೀ ಸರಣಿಯ ಹೆಸರು 'ಪೈಲ್ ಓ ಸಾಪ್ಮಿ'.

ಈ ಹೆಸರಿನಲ್ಲೇ ಒಂದು ಇತಿಹಾಸ ಇದೆ. ಕೆನಡಾದ ರೆಜೈನಾ ನಗರ ಇರೋ ಜಾಗಕ್ಕೆ ಅಲ್ಲಿನ ಕ್ರೀ ಜನ 'ಮೂಳೆ ರಾಶಿ' ಅನ್ನೋ ಅರ್ಥದ ಹೆಸರಿಟ್ಟಿದ್ದರು, ಕಾಡೆಮ್ಮೆಗಳ ಮೂಳೆ ರಾಶಿ. 19ನೇ ಶತಮಾನದಲ್ಲಿ ಉತ್ತರ ಅಮೆರಿಕದಲ್ಲಿ ಕಾಡೆಮ್ಮೆಗಳನ್ನು ಲಕ್ಷಗಟ್ಟಲೆ ಕೊಂದರು. ಅವುಗಳನ್ನೇ ನಂಬಿದ್ದ ಮೂಲನಿವಾಸಿಗಳ ಬದುಕೂ ಜೊತೆಗೇ ಕುಸೀತು. ಪ್ರಾಣಿ ಹೋದರೆ ಜನರೂ ಹೋಗ್ತಾರೆ, ಅದನ್ನೇ ಆಕೆ ಸಾಪ್ಮಿಯ ರಾಶಿಯಲ್ಲಿ ನೆನಪಿಸಿದ್ದು.

ಸೂಜಿ-ದಾರದಲ್ಲಿ ಬರೆದ ಚರಿತ್ರೆ

ಈಗ ಇನ್ನೊಬ್ಬ ಕಲಾವಿದೆಯ ಕಡೆ ಬರೋಣ. ಬ್ರಿಟ್ಟಾ ಮರಕ್ಕಟ್-ಲಬ್ಬಾ, 1951ರಲ್ಲಿ ಹುಟ್ಟಿದವರು, ಸ್ವೀಡನ್ ಕಡೆಯ ಸಾಮಿ. ಇವರ ಆಯುಧ ಕಸೂತಿ.

1970ರ ದಶಕದ ಕೊನೆಗೆ ನಾರ್ವೆ ಸರ್ಕಾರ ಆಲ್ಟಾ ನದಿಗೆ ಅಣೆಕಟ್ಟು ಕಟ್ಟೋಕೆ ಹೊರಟಿತ್ತು. ಮೊದಲ ಯೋಜನೆಯಲ್ಲಂತೂ ಮಾಜೆ ಅನ್ನೋ ಸಾಮಿ ಹಳ್ಳಿಯೇ ಮುಳುಗೋದಿತ್ತು. 1979ರಲ್ಲಿ ಸಾಮಿ ಯುವಕರು ಸಂಸತ್ತಿನ ಮುಂದೆ ಉಪವಾಸ ಕೂತರು. 1981ರ ಜನವರಿಯಲ್ಲಿ ಸುಮಾರು 600 ಪೊಲೀಸರು ಬಂದು ಪ್ರತಿಭಟನಾಕಾರರನ್ನು ಎತ್ತಿ ಒಯ್ದರು. ಬ್ರಿಟ್ಟಾ ಆ ವರ್ಷವೇ 'ಕಾಗೆಗಳು' ಅನ್ನೋ ಕಸೂತಿ ಮಾಡಿದರು. ಬಿಳಿ ಹಿಮದ ಮೇಲೆ ಕಪ್ಪು ಕಾಗೆಗಳು ಹಾರಿ ಬರ್ತವೆ, ನೆಲಕ್ಕಿಳೀತಿದ್ದ ಹಾಗೆ ಒಂದೊಂದೂ ಪೊಲೀಸ್ ಆಗುತ್ತೆ. ಅಷ್ಟೇ ಚಿತ್ರ. ವಿವರಣೆ ಬೇಕಾ?

ಅಣೆಕಟ್ಟು ಆಯ್ತು. ಮಾಜೆ ಹಳ್ಳಿ ಉಳೀತು. ಆ ಹೋರಾಟದ ಬಿಸಿ ಆರೋ ಮುಂಚೆ, 1989ರಲ್ಲಿ, ನಾರ್ವೆಯಲ್ಲಿ ಸಾಮಿಗಳದೇ ಸಂಸತ್ತು ಶುರುವಾಯ್ತು.

ಆಮೇಲೆ 2003ರಿಂದ 2007ರವರೆಗೆ ಬ್ರಿಟ್ಟಾ ಒಂದೇ ಕೃತಿ ಮೇಲೆ ಕೂತರು. ಹೆಸರು 'ಹಿಸ್ತೋರ್ಯಾ'. ಉದ್ದ ಸುಮಾರು 24 ಮೀಟರ್, ಎತ್ತರ 40 ಸೆಂಟಿಮೀಟರ್‌ನಷ್ಟೂ ಇಲ್ಲ. ನಡೀತಾ ನೋಡಬೇಕು, ಫೋನಲ್ಲಿ ರೀಲ್ಸ್ ಸ್ಕ್ರೋಲ್ ಮಾಡೋ ಹಾಗೆ, ಆದರೆ ಅಡ್ಡಕ್ಕೆ. ಕಾಡು, ಹಿಂಡು, ಸಾಮಿ ದೇವತೆಗಳು, 1852ರ ಕೌತೊಕೈನೊ ದಂಗೆ ಎಲ್ಲ ಅದರಲ್ಲಿದೆ.

ಆ ದಂಗೆಯ ಬಗ್ಗೆ ಒಂದು ಮಾತು. ಇಬ್ಬರು ಸಾಮಿ ನಾಯಕರ ತಲೆ ಕಡಿಸಿ, ಬುರುಡೆಗಳನ್ನು ಸಂಶೋಧನೆಗೆ ಅಂತ ತಗೊಂಡು ಹೋದರು. ಅವು ವಾಪಸ್ ಬಂದು ಮಣ್ಣು ಸೇರಿದ್ದು 1997ರಲ್ಲಿ! ಸಂಸತ್ತಿನ ಮುಂದೆ ತೂಗಿದ 400 ಬುರುಡೆಗಳನ್ನು ಇದರ ಜೊತೆಗಿಟ್ಟು ನೋಡಿದರೆ ನನಗಂತೂ ಮೈ ಜುಮ್ಮೆನ್ನುತ್ತೆ.

ಗೆದ್ದದ್ದು ಯಾರು?

2022ರ ವೆನಿಸ್ ಬಿಯೆನಾಲೆ. ನಾರ್ವೆ, ಸ್ವೀಡನ್, ಫಿನ್ಲೆಂಡ್ ಮೂರಕ್ಕೂ ಸೇರಿದ ನಾರ್ಡಿಕ್ ಪೆವಿಲಿಯನ್ ಆ ವರ್ಷ ಮೊದಲ ಸಲ 'ಸಾಮಿ ಪೆವಿಲಿಯನ್' ಆಯ್ತು. ಮಾರೆತ್ ಆನ್ನೆ ಸಾರಾ, ಆಂಡರ್ಸ್ ಸುನ್ನಾ, ಪೌಲಿನಾ ಫಿಯೊದೊರೊಫ್, ಮೂವರೂ ಸಾಮಿಗಳೇ. ಅದೇ ವರ್ಷ ಓಸ್ಲೋದಲ್ಲಿ ಹೊಸ ರಾಷ್ಟ್ರೀಯ ಮ್ಯೂಸಿಯಂ ತೆರೀತು. ಒಳಗೆ ಕಾಲಿಟ್ಟವರಿಗೆ ಎದುರಾದದ್ದು ಅದೇ 400 ಬುರುಡೆಗಳ ಪರದೆ. 2025ರಲ್ಲಿ ಲಂಡನ್‌ನ ಟೇಟ್ ಮಾಡರ್ನ್‌ನ ದೊಡ್ಡ ಹಾಲ್ ಸಾರಾ ಅವರ ಪಾಲಾಯ್ತು. ತೊಗಲನ್ನೂ ಕರೆಂಟ್ ಕೇಬಲ್‌ಗಳನ್ನೂ ಸುತ್ತಿದ ಗೋಪುರ ಒಂದು, ಹಿಮಸಾರಂಗದ ಮೂಗಿನ ಒಳರಚನೆಯ ಹಾಗಿರೋ ಚಕ್ರವ್ಯೂಹ ಇನ್ನೊಂದು. ಕೊರೆಯೋ ಗಾಳಿ ಆ ಮೂಗಿನೊಳಗೆ ಕ್ಷಣದಲ್ಲಿ ಬೆಚ್ಚಗಾಗುತ್ತೆ.

ಕರೆಂಟ್ ಕೇಬಲ್ ಯಾಕೆ? ಯಾಕಂದ್ರೆ ಈಗಿನ ಜಗಳ 'ಹಸಿರು' ಕರೆಂಟಿನದ್ದು. ಫೋಸೆನ್ ಅನ್ನೋ ಕಡೆ ಹಾಕಿದ 151 ಗಾಳಿಯಂತ್ರಗಳ ಪರವಾನಗಿ ಸಾಮಿಗಳ ಹಕ್ಕನ್ನು ಉಲ್ಲಂಘಿಸಿದೆ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಯಂತ್ರಗಳು ತಿರುಗ್ತಾನೇ ಇದ್ದವು. ಇನ್ನೊಂದು ಕಡೆ ಹವಾಮಾನ ಕೆಡ್ತಿದೆ. ಚಳಿಗಾಲದ ಮಧ್ಯೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಕಲ್ಲುಹೂವಿನ ಮೇಲೆ ಗಾಜಿನಂಥ ಮಂಜುಗಡ್ಡೆ. ಮೇವು ಕಾಲ ಕೆಳಗೇ ಇರುತ್ತೆ, ಬಾಯಿಗೆ ಸಿಗಲ್ಲ. ಭೂಮಿ ಬಿಸಿಯಾದರೂ ಪೆಟ್ಟು ಅವರಿಗೆ, ಅದಕ್ಕೆ ಹುಡುಕಿದ ಮದ್ದಿನಿಂದಲೂ ಪೆಟ್ಟು ಅವರಿಗೇ.

ಹಾಗಾದ್ರೆ ಕಲೆಯಿಂದ ಏನಾಯ್ತು? ತಮ್ಮನ ತೀರ್ಪು ಬದಲಾಗಲಿಲ್ಲ. ಹಿಂಡು ಕಡಿ ಅಂದದ್ದೂ ಪ್ರಭುತ್ವವೇ, ಅದರ ವಿರುದ್ಧದ ಕೃತಿಯನ್ನು ಕೊಂಡು ಬಾಗಿಲಲ್ಲಿ ತೂಗುಹಾಕಿದ್ದೂ ಅದೇ ದೇಶದ ರಾಷ್ಟ್ರೀಯ ಮ್ಯೂಸಿಯಂ. ಇದನ್ನು ಗೌರವ ಅನ್ನಬೇಕೋ, ಕೈ ತೊಳೆದುಕೊಂಡದ್ದು ಅನ್ನಬೇಕೋ? ನನಗೆ ಎರಡೂ ನಿಜ ಅನಿಸುತ್ತೆ. ಕೋರ್ಟಿನ ಕಡತ ಕಪಾಟು ಸೇರಿದರೆ ಯಾರೂ ತೆಗೆದು ಓದಲ್ಲ. ಆ ಪರದೆ ಮುಂದೆ ಮಾತ್ರ ದಿನಾ ಜನ ನಿಲ್ತಾರೆ, ಈ ತೂತು ಏನು ಅಂತ ಕೇಳ್ತಾರೆ. ಉತ್ತರ ಹೇಳೋಕೆ ಶುರು ಮಾಡಿದರೆ 116 ಮತ್ತು 75ರ ಲೆಕ್ಕ ಮತ್ತೆ ಬಿಚ್ಚಿಕೊಳ್ಳುತ್ತೆ.

ಇವತ್ತಿಗೆ ಇಷ್ಟು. ಡೇಟಾ ಇದ್ರೆ 'ಹಿಸ್ತೋರ್ಯಾ' ಚಿತ್ರಗಳನ್ನು ಹುಡುಕಿ, ಜೂಮ್ ಮಾಡಿ ನೋಡಿ. ನಿಮಗೆ ಏನನ್ನಿಸ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.