ಆಟಕ್ಕೊದಗುವ ಪದಸಂಪತ್ತು

ಮಾತು ಮನುಷ್ಯನ ವ್ಯವಹಾರಕ್ಕೆ ಸಾಧನವಾಗಿರುವಂತೆ ಅವನ ವಿನೋದಕ್ಕೂ ಸಾಧನವಾಗಿದೆ. ದಿನದ ದುಡಿಮೆ ಮುಗಿಸಿ ಜಗಲಿಯಲ್ಲಿ ಕುಳಿತ ಹಿರಿಯರು ಒಗಟುಗಳನ್ನೊಡ್ಡಿ ಮಕ್ಕಳ ಬುದ್ಧಿಯನ್ನು ಪರೀಕ್ಷಿಸುತ್ತಿದ್ದರು. ಪಂಡಿತರು ಸಮಸ್ಯಾಪೂರಣದಲ್ಲಿಯೂ ಚಿತ್ರಕಾವ್ಯದಲ್ಲಿಯೂ ತಮ್ಮ ಜಾಣ್ಮೆಯನ್ನು ಮೆರೆದರು. ಶಾಲೆಯ ಮಕ್ಕಳು ಅಂತ್ಯಾಕ್ಷರಿಯಾಡುತ್ತಾರೆ. ಪತ್ರಿಕೆಗಳ ಓದುಗರು ಪದಬಂಧವನ್ನು ಬಿಡಿಸುತ್ತಾರೆ. ಆಟದ ರೂಪ ಯಾವುದೇ ಇರಲಿ, ಅದರಲ್ಲಿ ಗೆಲ್ಲಬೇಕಾದರೆ ಎರಡು ಸಾಮಗ್ರಿಗಳು ಬೇಕು: ಸಮಯಕ್ಕೆ ಒದಗುವ ಪದ ಮತ್ತು ಆ ಪದದ ಅರ್ಥದ ಅರಿವು. ಇವನ್ನು ಎಲ್ಲಿ ಹುಡುಕಬೇಕು, ಹೇಗೆ ಹುಡುಕಬೇಕು ಎಂಬುದನ್ನು ಅರಿಯಲು ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಒಳ್ಳೆಯ ಉದಾಹರಣೆಯಾಗಿದೆ.

ಈ ಕರಾವಳಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ಎಂಬ ಮೂರು ಊರುಗಳು ಬಡಗಿನಿಂದ ತೆಂಕಿಗೆ ಸಾಲಾಗಿ ಇವೆ. ಪದದ ಕೊನೆಯ ವ್ಯಂಜನವನ್ನು ಹಿಡಿದು, ಅದಕ್ಕೆ ಯಾವ ಸ್ವರವನ್ನಾದರೂ ಕೂಡಿಸಿ ಮುಂದಿನ ಪದವನ್ನು ಹೇಳುವ ಆಟವನ್ನು ಈ ಊರುಗಳ ಹೆಸರಿನಿಂದಲೇ ಆರಂಭಿಸಿದರೆ ಒಂದು ವಿಶೇಷ ಕಂಡುಬರುತ್ತದೆ. ಕುಮಟಾ ಎಂಬುದು ಟಕಾರದಲ್ಲಿ, ಹೊನ್ನಾವರ ಎಂಬುದು ರಕಾರದಲ್ಲಿ, ಭಟ್ಕಳ ಎಂಬುದು ಳಕಾರದಲ್ಲಿ ಮುಗಿಯುತ್ತವೆ. ಕನ್ನಡದ ಆಟಗಾರನಿಗೆ ಈ ಮೂರೂ ತೊಡಕಿನ ಅಕ್ಷರಗಳೇ. ತೊಡಕು ಏಕೆ ಉಂಟಾಗುತ್ತದೆ ಎಂಬುದರಲ್ಲಿ ನಮ್ಮ ನುಡಿಯ ಚರಿತ್ರೆಯೇ ಅಡಗಿದೆ.

ಅಚ್ಚಗನ್ನಡದಲ್ಲಿ ಟಕಾರದಿಂದ ಮೊದಲಾಗುವ ಪದಗಳು ಬಹಳ ಇಲ್ಲ. ಟಗರು ಎಂಬ ಪದ ಹಳಗನ್ನಡದಲ್ಲಿ ತಗರ್ ಎಂದಿತ್ತು. ತಕಾರವು ಕಾಲಕ್ರಮದಲ್ಲಿ ಟಕಾರವಾಯಿತು. ಟೀಕೆ, ಟಂಕಸಾಲೆ ಮೊದಲಾದವು ಸಂಸ್ಕೃತದ ಸಂಬಂಧವುಳ್ಳವು. ಟಪಾಲು ಮರಾಠಿಯ ಮೂಲಕ ಬಂದುದು. ಉತ್ತರ ಕನ್ನಡ ಜಿಲ್ಲೆಯು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಇಂಥ ಮಾತುಗಳು ಇಲ್ಲಿ ಬೇಗನೆ ಬೇರೂರಿದವು. ರಕಾರದ ಸ್ಥಿತಿಯೂ ಹೆಚ್ಚು ಕಡಿಮೆ ಹೀಗೆಯೇ. ರಥ, ರತ್ನ, ರಾತ್ರಿ, ರೇಖೆ ಇವು ಸಂಸ್ಕೃತದವು. ರೈತ, ರಸ್ತೆ, ರಜೆ ಇವು ಅರಬ್ಬೀ ಪಾರಸಿಗಳಿಂದ ಬಂದವು. ರೆಕ್ಕೆ ಎಂಬುದು ದೇಶ್ಯಪದವೇ ಆದರೂ ಹಿಂದೆ ಎರಕೆ ಎಂದಿತ್ತು. ಮೊದಲ ಸ್ವರ ಜಾರಿಹೋದುದರಿಂದ ರಕಾರಕ್ಕೆ ಮೊದಲ ಸ್ಥಾನ ದೊರೆಯಿತು. ಆದುದರಿಂದ ರಕಾರ ಬಂದಾಗ ಅಚ್ಚಗನ್ನಡದಲ್ಲಿ ತಡಕಾಡುವುದಕ್ಕಿಂತ ತತ್ಸಮಗಳನ್ನೂ ಅನ್ಯದೇಶ್ಯಗಳನ್ನೂ ನೆನೆಯುವುದು ಲೇಸು. ಳಕಾರದ ಮಾತೇ ಬೇರೆ. ಕನ್ನಡದ ಬಳಕೆಯಲ್ಲಿ ಳ, ಣ ಎಂಬ ಅಕ್ಷರಗಳು ಪದದ ನಡುವೆಯೂ ಕೊನೆಯಲ್ಲಿಯೂ ಧಾರಾಳವಾಗಿ ಬರುತ್ತವೆ, ಮೊದಲಿಗೆ ಬರುವುದಿಲ್ಲ. ಕಡಲು ಎಂದವನಿಗೆ ಎದುರಾಳಿ ಲಂಗರು ಎನ್ನುತ್ತಾನೆ. ಮೊದಲನೆಯವನು ರಾಂಪಣಿ ಎನ್ನುತ್ತಾನೆ. ಅಲ್ಲಿಗೆ ಆಟ ನಿಂತಿತು. ರಾಂಪಣಿ ಎಂದರೆ ದಂಡೆಯಲ್ಲಿ ನಿಂತು ಹಲವರು ಕೂಡಿ ಎಳೆಯುವ ದೊಡ್ಡ ಮೀನುಬಲೆ. ಇದನ್ನು ಬಲ್ಲ ಕರಾವಳಿಯ ಹುಡುಗನಿಗೆ ಆಟದಲ್ಲಿ ಸಲೀಸಾದ ಗೆಲವು. ಹೀಗಾಗದಿರಲೆಂದು ಣಕಾರಕ್ಕೆ ನಕಾರವನ್ನೂ ಳಕಾರಕ್ಕೆ ಲಕಾರವನ್ನೂ ತೆಗೆದುಕೊಳ್ಳುವ ಒಪ್ಪಂದವನ್ನು ಆಟಗಾರರು ಮೊದಲೇ ಮಾಡಿಕೊಳ್ಳಬೇಕು.

ಇನ್ನು ಪದಬಂಧದ ವಿಚಾರ. ಇಂದು ಲೋಕದ ಬಹು ಭಾಷೆಗಳಲ್ಲಿ ಹರಡಿರುವ ಈ ಆಟದ ಮೊದಲ ರೂಪವನ್ನು ಆರ್ಥರ್ ವಿನ್ ಎಂಬಾತನು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ಅಕ್ಷರ. ಕನ್ನಡದಲ್ಲಿ ಒಂದು ಮನೆಗೆ ಸ್ವರವೂ ಒತ್ತೂ ಕೂಡಿದ ಒಂದು ಇಡಿಯ ಅಕ್ಷರ. ಶರಾವತಿಗೆ ನಾಲ್ಕು ಮನೆ, ಅಘನಾಶಿನಿಗೆ ಐದು ಮನೆ, ಕಗ್ಗ ಎಂಬುದಕ್ಕೆ ಎರಡೇ ಮನೆ. ಅಡ್ಡಸಾಲಿನ ತಿಕಾರ ಕೆಳಸಾಲಿನಲ್ಲಿಯೂ ತಿಕಾರವೇ ಆಗಿರಬೇಕು. ತಕಾರವಾಗಲಿ ತೀಕಾರವಾಗಲಿ ಸಲ್ಲದು. ಆದುದರಿಂದ ಕನ್ನಡದ ಆಟಗಾರನು ಪದಗಳನ್ನು ಮೊದಲಕ್ಷರದಿಂದ ಮಾತ್ರ ನೆನಪಿಟ್ಟರೆ ಸಾಲದು. ಎಷ್ಟು ಅಕ್ಷರದವು, ನಡುವೆ ಯಾವ ಗುಣಿತವಿದೆ ಎಂಬುದನ್ನೂ ಗಮನಿಸಬೇಕು. ಕನಕ, ನಯನ, ಜಲಜ, ಕಿಟಕಿ, ವಿಕಟಕವಿ ಮುಂತಾದ, ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದಗಳನ್ನು ಹುಡುಕುವುದು ಇದಕ್ಕೆ ಒಳ್ಳೆಯ ಸಾಧನೆ.

ಪದಗಳ ದೊಡ್ಡ ಕಣಜವೆಂದರೆ ನಿಘಂಟು. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಿತು. ಆದರೆ ಕಣಜದ ಬಾಗಿಲನ್ನು ತೆರೆಯುವ ಬಗೆ ತಿಳಿದಿರಬೇಕು. ಮನೆಯಲ್ಲಿ ಎಂಬುದು ನಿಘಂಟಿನಲ್ಲಿ ದೊರೆಯದು. ವಿಭಕ್ತಿಯನ್ನು ಕಳೆದು ಮನೆ ಎಂಬಲ್ಲಿ ನೋಡಬೇಕು. ಬಂದನು ಎಂಬುದಕ್ಕೆ ಬರು ಎಂಬ ಧಾತುವನ್ನೂ, ಇತ್ತು ಎಂಬುದಕ್ಕೆ ಇರು ಎಂಬ ಧಾತುವನ್ನೂ ಹಿಡಿಯಬೇಕು. ಬೆಟ್ಟದಾವರೆ ಎಂಬುದನ್ನು ಬೆಟ್ಟ, ತಾವರೆ ಎಂದು ಬಿಡಿಸಿಕೊಳ್ಳಬೇಕು. ಹಳಗನ್ನಡದ ಪಕಾರ ಮುಂದೆ ಹಕಾರವಾದುದರಿಂದ ಹಾಲು, ಹಡಗು ಇವುಗಳ ಹಳೆಯ ರೂಪಗಳನ್ನು ಪಾಲ್, ಪಡಗು ಎಂಬಲ್ಲಿ ಅರಸಬೇಕು. ವ್ಯಾಕರಣದ ಪಾಠ ಪರೀಕ್ಷೆಗಷ್ಟೇ ಎಂದು ತಿಳಿದವರಿಗೆ ನಿಘಂಟನ್ನು ತೆರೆದಾಗ ಅದರ ಬೆಲೆ ಗೊತ್ತಾಗುತ್ತದೆ.

ನಿಘಂಟಿನಷ್ಟೇ ಬೆಲೆಯುಳ್ಳ ಇನ್ನೊಂದು ಆಕರವುಂಟು. ಅದು ಜನರ ಬಾಯಿ. ಭಟ್ಕಳವು ವಿಜಯನಗರದ ಕಾಲದಲ್ಲಿ ಕುದುರೆಗಳು ಬಂದಿಳಿಯುತ್ತಿದ್ದ ಬಂದರು. ಅರಬ್ಬರೂ ಪೋರ್ಚುಗೀಸರೂ ಈ ತೀರದಲ್ಲಿ ವ್ಯಾಪಾರ ನಡೆಸಿದರು. ಸರಕಿನೊಡನೆ ಪದಗಳೂ ಇಳಿದವು. ಬಂದರು, ಲಂಗರು ಪಾರಸಿಯಿಂದ ಬಂದರೆ ಮೇಜು, ಚಾವಿ, ಪಗಾರ, ಬಟಾಟೆ ಪೋರ್ಚುಗೀಸರಿಂದ ಬಂದವು. ಈ ಊರುಗಳಲ್ಲಿ ಹವ್ಯಕರ ಕನ್ನಡ, ಹಾಲಕ್ಕಿ ಒಕ್ಕಲಿಗರ ಕನ್ನಡ, ಕೊಂಕಣಿ, ಉರ್ದು, ಭಟ್ಕಳದ ನವಾಯತಿ ಇವೆಲ್ಲ ನೆರೆಹೊರೆಯಲ್ಲಿ ಬಾಳುತ್ತಿವೆ. ಒಂದೇ ತರಗತಿಯ ಮಕ್ಕಳು ಒಂದೇ ವಸ್ತುವಿಗೆ ನಾಲ್ಕು ಹೆಸರುಗಳನ್ನು ಹೇಳಬಲ್ಲರು.

ಈ ಸೀಮೆಯ ಮಾತಿನ ಅರ್ಥಸಂಪತ್ತು ಸಾಮಾನ್ಯವಾದುದಲ್ಲ. ಬೆಟ್ಟ ಎಂದರೆ ಎಲ್ಲೆಡೆ ಗುಡ್ಡದ ಅಣ್ಣ. ಇಲ್ಲಿ ಅಡಕೆಯ ತೋಟಕ್ಕೆ ಸೊಪ್ಪು ಒದಗಿಸುವ ಕಾಡುಭೂಮಿಯೂ ಬೆಟ್ಟವೇ. ಧಕ್ಕೆ ಎಂದರೆ ಹಾನಿ. ಇಲ್ಲಿ ದೋಣಿಗಳು ಬಂದು ತಾಗಿ ನಿಲ್ಲುವ ಕಟ್ಟೆಗೂ ಅದೇ ಹೆಸರು. ನದಿ ಕಡಲನ್ನು ಸೇರುವ ಎಡೆ ಅಳಿವೆ. ಹೊಳೆ ದಾಟಿಸುವ ದೋಣಿಯ ಕಡವು ತಾರಿ. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮರದ ಕಾಲುಸೇತುವೆ ಸಂಕ. ಸಂಕ ಎಂಬುದು ಸಂಸ್ಕೃತದ ಸಂಕ್ರಮ ಶಬ್ದದ ತದ್ಭವ. ಇಂಥ ಪದಗಳಿಂದ ಪದಬಂಧಕ್ಕೆ ಸೊಗಸಾದ ಸುಳಿವುಗಳನ್ನು ರಚಿಸಬಹುದು. ‘ದೋಣಿಗೆ ಆಸರೆ, ಮಾನಕ್ಕೆ ಕೇಡು’ ಎಂದರೆ ಧಕ್ಕೆ. ‘ತಾನು ನಡೆಯದೆ ನಡೆಯುವವರನ್ನು ದಾಟಿಸುವುದು’ ಎಂದರೆ ಸಂಕ.

ಕಗ್ಗ ಎಂಬ ಪದವನ್ನು ವಿಶೇಷವಾಗಿ ಗಮನಿಸಬೇಕು. ಡಿ.ವಿ. ಗುಂಡಪ್ಪನವರು 1943ರಲ್ಲಿ ಪ್ರಕಟಿಸಿದ ‘ಮಂಕುತಿಮ್ಮನ ಕಗ್ಗ’ದಿಂದ ಈ ಪದ ನಾಡಿಗೆಲ್ಲ ಪರಿಚಿತವಾಗಿದೆ. ಅಲ್ಲಿ ಅದಕ್ಕೆ ಉದ್ದವಾದ, ಒರಟಾದ ಬರಹವೆಂಬ ಅರ್ಥ. ಕವಿ ವಿನಯದಿಂದ ಇಟ್ಟುಕೊಂಡ ಹೆಸರು. ಕುಮಟಾ ತಾಲೂಕಿನ ಮಾಣಿಕಟ್ಟೆಯ ಕಡೆಯ ರೈತನಿಗಾದರೋ ಕಗ್ಗವೆಂದರೆ ಒಂದು ಜಾತಿಯ ಭತ್ತ. ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ ಕಡಲ ಉಬ್ಬರಕ್ಕೆ ಉಪ್ಪುನೀರು ನುಗ್ಗುವ ಗದ್ದೆಗಳಿಗೆ ಗಜನಿ ಎಂದು ಹೆಸರು. ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಅಲ್ಲಿ ಬೆಳೆಯುವ ಭತ್ತ ಕಗ್ಗ. ಒಂದು ಅರ್ಥವನ್ನಷ್ಟೇ ಬಲ್ಲವನು ಆಟದಲ್ಲಿಯೂ ಅರ್ಧದಾರಿಯಲ್ಲಿ ನಿಲ್ಲುತ್ತಾನೆ.

ಅರ್ಥದ ಅರಿವಿಲ್ಲದೆಯೂ ಗೆಲ್ಲಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ನಿದರ್ಶನವೂ ಇದೆ. ಸ್ಕ್ರ್ಯಾಬಲ್ ಎಂಬ ಅಕ್ಷರಬಿಲ್ಲೆಗಳ ಆಟವನ್ನು ಅಮೆರಿಕದ ಆಲ್ಫ್ರೆಡ್ ಬಟ್ಸ್ ಎಂಬಾತನು 1930ರ ದಶಕದಲ್ಲಿ ರೂಪಿಸಿದನು. ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಅಕ್ಷರಗಳಿಗೆ ಬೆಲೆ ಕಟ್ಟಿದನು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವಸ್ಪರ್ಧೆಯನ್ನು ಗೆದ್ದರು. ಅವರಿಗೆ ಫ್ರೆಂಚ್ ಮಾತನಾಡಲು ಬಾರದು. ಪದಗಳ ಅಕ್ಷರಗಳನ್ನಷ್ಟೇ ಕಂಠಸ್ಥ ಮಾಡಿಕೊಂಡಿದ್ದರು. ಅವರ ಸ್ಮರಣಶಕ್ತಿ ಅದ್ಭುತವೇ ಸರಿ. ಆದರೆ ಒಗಟು, ಪದಬಂಧಗಳು ಅರ್ಥವನ್ನೇ ಕೇಳುವ ಆಟಗಳು. ಅಲ್ಲಿ ಬರಿಯ ನೆನಪು ನಡೆಯದು. ಹೊನ್ನಾವರದ ಸೀಮೆ ಯಕ್ಷಗಾನಕ್ಕೆ ಹೆಸರಾದುದು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಸ್ಥಾಪಿಸಿದರು. ಬಾಯಿಪಾಠದ ಮಾತಿಲ್ಲದೆ ಸ್ಥಳದಲ್ಲಿಯೇ ಸಂಭಾಷಣೆಯನ್ನು ಕಟ್ಟುವ ತಾಳಮದ್ದಳೆಯಲ್ಲಿ ಕರ ಎಂಬ ಎರಡಕ್ಷರಕ್ಕೆ ಕೈ, ಕಿರಣ, ತೆರಿಗೆ, ಸೊಂಡಿಲು ಎಂಬ ಅರ್ಥಗಳಿವೆಯೆಂದು ಬಲ್ಲ ಅರ್ಥಧಾರಿಯು ಎದುರಾಳಿಯ ಮಾತನ್ನು ಅವನತ್ತಲೇ ತಿರುಗಿಸಬಲ್ಲನು.

ಇಲ್ಲೊಂದು ಮುಖ್ಯವಾದ ಪ್ರಶ್ನೆ ಹುಟ್ಟುತ್ತದೆ. ಹಾಲಕ್ಕಿ ಮನೆಯ ಬಾಲಕಿಯಾಗಲಿ ಮೀನುಗಾರರ ಮನೆಯ ಬಾಲಕನಾಗಲಿ ಆಟದಲ್ಲಿ ತನ್ನ ಮನೆಯ ಮಾತೊಂದನ್ನು ಹೇಳಿದಾಗ, ಅದು ನಿಘಂಟಿನಲ್ಲಿ ಇಲ್ಲವೆಂದು ತಳ್ಳಿಬಿಡುವುದು ನ್ಯಾಯವೆ? ಒಂದೆರಡು ಸಲ ಹಾಗೆ ತಳ್ಳಿಸಿಕೊಂಡ ಮಗು ಮೂರನೆಯ ಸಲ ಬಾಯಿ ತೆರೆಯುವುದಿಲ್ಲ. ಆ ಪದವೂ ಅವಳೊಡನೆ ಮೌನವಾಗುತ್ತದೆ. ನಿಘಂಟು ಪದಕ್ಕೆ ಸಾಕ್ಷಿಯೇ ಹೊರತು ಒಡೆಯನಲ್ಲ. ಜನರು ಆಡಿದ ಬಳಿಕವೇ ಪದ ನಿಘಂಟನ್ನು ಸೇರುತ್ತದೆ. ಆದುದರಿಂದ ಪದವನ್ನು ಹೇಳಿದವನು ಅದರ ಅರ್ಥವನ್ನೂ, ಅದನ್ನು ಯಾರು ಯಾವಾಗ ಬಳಸುತ್ತಾರೆಂಬುದನ್ನೂ ತಿಳಿಸಿ ಒಂದು ವಾಕ್ಯದಲ್ಲಿ ಪ್ರಯೋಗಿಸಿ ತೋರಿಸಿದರೆ ಅದನ್ನು ಒಪ್ಪುವುದು ಧರ್ಮ.

ನುಡಿಯ ಮಾನಕ್ಕಾಗಿ ವಾದಿಸಿದ ಹಿರಿಯನೊಬ್ಬನ ನಂಟು ಈ ನೆಲಕ್ಕೇ ಇದೆ. ಇಂದಿನ ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಹಿಂದೆ ಸಂಗೀತಪುರವೆಂಬ ಹೆಸರಿತ್ತು. ಅಲ್ಲಿನ ಜೈನಮಠದ ಅಕಲಂಕದೇವನ ಶಿಷ್ಯನಾದ ಭಟ್ಟಾಕಳಂಕನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣವನ್ನು ರಚಿಸಿದನು. ಸಂಸ್ಕೃತದ 592 ಸೂತ್ರಗಳಲ್ಲಿ ಕನ್ನಡದ ಲಕ್ಷಣವನ್ನು ನಿರೂಪಿಸಿ, ಕನ್ನಡವು ಶಾಸ್ತ್ರಕ್ಕೆ ಒದಗದ ಭಾಷೆಯೆಂಬ ಮಾತನ್ನು ಅವನು ಅಲ್ಲಗಳೆದನು. ಅಂದು ಪಂಡಿತರೆದುರು ಕನ್ನಡಕ್ಕೆ ದೊರಕಿಸಿದ ಆ ಮನ್ನಣೆಯನ್ನು ಇಂದು ಕನ್ನಡಿಗರು ತಮ್ಮೊಳಗಿನ ಸಣ್ಣ ನುಡಿಗಳಿಗೆ ನೀಡಬೇಕಾಗಿದೆ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿಗಳೂ ಕುಮಟಾದ ಎಲ್.ಆರ್. ಹೆಗಡೆಯವರೂ ಹಳ್ಳಿಯ ಜನರ ಹಾಡು ಕಥೆಗಳನ್ನು ಕೇಳಿ ಬರೆದಿಟ್ಟು ಇಂಥ ಕೆಲಸಕ್ಕೆ ದಾರಿ ತೋರಿದ್ದಾರೆ.

ವಿದ್ಯಾರ್ಥಿಗಳೂ ತಮ್ಮ ಅಳವಿಗೆ ತಕ್ಕಂತೆ ಇದನ್ನು ಮಾಡಬಹುದು. ಒಂದು ಪುಸ್ತಕದಲ್ಲಿ ಪದ, ಅಕ್ಷರಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಅಕ್ಷರ, ಅರ್ಥ, ಇನ್ನೊಂದು ಅರ್ಥವಿದ್ದರೆ ಅದು, ಒಂದು ವಾಕ್ಯ ಇಷ್ಟನ್ನು ಬರೆದಿಡಬೇಕು. ದಿನಕ್ಕೆ ಎರಡು ಪದಗಳಾದರೂ ವರ್ಷಕ್ಕೆ ಏಳುನೂರಕ್ಕೆ ಮಿಕ್ಕುತ್ತವೆ. ಪದವನ್ನು ಮನೆಯಲ್ಲಿ ಕೇಳಬೇಕು. ಅಂಗಡಿಯಲ್ಲಿ, ಗದ್ದೆಯಲ್ಲಿ, ಧಕ್ಕೆಯಲ್ಲಿ ಕೇಳಬೇಕು. ಬಳಿಕ ನಿಘಂಟಿನೊಡನೆ ಹೋಲಿಸಬೇಕು.

ಈ ಕೆಲಸಕ್ಕೆ ಕಾಲ ಬಹಳವಿಲ್ಲ. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಗಜನಿಗಳು ಸಿಗಡಿಯ ಕೊಳಗಳಾದವು. ಕಗ್ಗದ ಬೇಸಾಯ ಕುಗ್ಗಿತು. ಹೊಳೆಗೆ ಸೇತುವೆಯಾದ ಮೇಲೆ ತಾರಿ ನಿಂತಿತು. ಸಂಕದ ಎಡೆಗೆ ಕಾಂಕ್ರೀಟು ಬಂದಿತು. ಸೇತುವೆ ಬೇಡವೆಂದು ಯಾರೂ ಹೇಳಲಾರರು. ಆದರೆ ವಸ್ತು ಮರೆಯಾದಾಗ ಅದರ ಹೆಸರು ಉಳಿಯುವುದು ಅದನ್ನು ಆಡುವವರಿದ್ದರೆ ಮಾತ್ರ. ಗದ್ದೆಯನ್ನು ಕಾಣದ ಮಗುವೂ ಎರಡು ಮನೆಯ ಒಂದು ಸುಳಿವಿಗೆ ಕಗ್ಗ ಎಂದು ಬರೆದು, ಅದೇನೆಂದು ಅಜ್ಜನನ್ನು ಕೇಳಿತೆಂದರೆ ಪದಕ್ಕೆ ಇನ್ನೊಂದು ತಲೆಮಾರಿನ ಆಯುಸ್ಸು ದೊರೆತಂತೆಯೇ ಸರಿ.