ಅಲೆಯೂ ನೀರಡಿಯ ಛಾಯಾಚಿತ್ರವೂ

ಕಡಲಿನ ಮೇಲೆ ಏಳುವ ಅಲೆಗೂ ಅದರ ತಳದಲ್ಲಿ ತೆಗೆದ ಛಾಯಾಚಿತ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವು ಬಹು ನಿಕಟವಾದುದು. ಹವಳದ ದಿಬ್ಬಗಳ ಕ್ಷೇಮವನ್ನು ನೀರೊಳಗಿನ ಚಿತ್ರಗಳಿಂದಲೇ ನಿರ್ಣಯಿಸುವ ಪದ್ಧತಿಯು ಇಂದು ಬಳಕೆಯಲ್ಲಿದೆ. ಚಿತ್ರವು ಸುಳ್ಳಾಡಿದರೆ ನಿರ್ಣಯವೂ ಸುಳ್ಳಾಗುವುದು.

ಫ್ರಾನ್ಸಿನ ಲೂಯಿ ಬೂತಾನರು 1893ರಲ್ಲಿ ಬಾನ್ಯುಲ್ಸ್ ತೀರದಲ್ಲಿ ನೀರಿನಡಿ ಛಾಯಾಚಿತ್ರ ತೆಗೆದಂದಿನಿಂದ ಉಪಕರಣಗಳು ಬಹಳವಾಗಿ ಸುಧಾರಿಸಿವೆ; ಅಲೆಯ ಉಪದ್ರವವಾದರೋ ಇನ್ನೂ ಉಳಿದೇ ಇದೆ.

ಈ ಉಪದ್ರವವು ಎರಡು ಬಗೆಯದು. ಮೊದಲನೆಯದು ಬೆಳಕಿನದು. ಅಲೆಯ ಉಬ್ಬು ಪೀನಮಸೂರದಂತೆ ಬಿಸಿಲನ್ನು ಒಂದೆಡೆ ಕೂಡಿಸುತ್ತದೆ, ತಗ್ಗು ಅದನ್ನು ಚದರಿಸುತ್ತದೆ. ಇದರಿಂದ ಆಳವಿಲ್ಲದ ನೀರಿನ ತಳದಲ್ಲಿ ಬೆಳಕಿನ ಬಲೆಯೊಂದು ಓಡಾಡುತ್ತಿರುತ್ತದೆ. ಕ್ಯಾಮರಾ ಆ ಬಲೆಯ ಒಂದು ಕ್ಷಣವನ್ನು ಮಾತ್ರ ಹಿಡಿಯುವುದರಿಂದ, ಆರೋಗ್ಯವಾದ ಹವಳವೂ ಬಿಳಿಚಿದಂತೆ ತೋರಬಹುದು.

ಎರಡನೆಯದು ಚಲನೆಯದು. ಅಲೆಯಡಿಯ ನೀರು ಸುತ್ತುತ್ತಿರುತ್ತದೆ. ಅಲೆಯ ಉದ್ದದ ಅರ್ಧದಷ್ಟು ಆಳಕ್ಕಿಳಿದ ಮೇಲೆಯೇ ಆ ಚಲನೆಯು ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಮೆಯಾಗುವುದು. 10 ಸೆಕೆಂಡುಗಳಿಗೊಮ್ಮೆ ಬರುವ ಅಲೆಯ ಉದ್ದವು ಆಳ ಸಮುದ್ರದಲ್ಲಿ ಸುಮಾರು 156 ಮೀಟರು. ಅಂತಹ ಅಲೆಯು 20 ಮೀಟರು ಆಳದ ತಳವನ್ನು ಸುಲಭವಾಗಿ ಕಲಕಿ ಕೆಸರೆಬ್ಬಿಸೀತು. ತೇಲುವ ಕಣಗಳು ಬೆಳಕನ್ನು ಚದರಿಸಿ ಚಿತ್ರಕ್ಕೆ ಮಂಜು ಕವಿಸುತ್ತವೆ. ಕ್ಯಾಮರಾ ತೂಗಾಡಿ ಗೆರೆಗಳು ಮಸುಕಾಗುತ್ತವೆ.

ಪರಿಹಾರಗಳಿಲ್ಲದೆ ಇಲ್ಲ. ಒಂದೇ ಸ್ಥಳದ ಅನೇಕ ಚಿತ್ರಗಳನ್ನು ತೆಗೆದು ಸರಾಸರಿ ಮಾಡಿದರೆ ಬೆಳಕಿನ ಬಲೆಯು ಅಳಿಯುತ್ತದೆ. ಮೋಡ ಕವಿದ ದಿನ ಅದು ತಾನಾಗಿಯೇ ಕುಗ್ಗುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳಂತೂ ಅಲೆಗಳನ್ನೇ ಮಸೂರಗಳನ್ನಾಗಿ ಬಳಸಿ, ಮೇಲಿನಿಂದಲೇ ತಳದ ಸ್ಪಷ್ಟ ಚಿತ್ರ ಪಡೆಯುವ ವಿಧಾನವನ್ನು ರೂಪಿಸಿದ್ದಾರೆ.

ನಮ್ಮ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಒಂದು ವರ್ಷದ ಶಾಂತ ಕಡಲಿನ ಚಿತ್ರವನ್ನು ಇನ್ನೊಂದು ವರ್ಷದ ಕಲಕಿದ ಕಡಲಿನ ಚಿತ್ರದೊಡನೆ ಹೋಲಿಸಿ, ಹವಳವು ಕ್ಷೀಣಿಸಿತೆಂದೋ ಚಿಗುರಿತೆಂದೋ ವರದಿ ಬರೆಯುವುದು ನ್ಯಾಯವಾಗಲಾರದು. ಆದುದರಿಂದ, ಇಂತಹ ಪ್ರತಿಯೊಂದು ಚಿತ್ರದೊಡನೆ ಆ ಹೊತ್ತಿನ ಅಲೆಯ ಎತ್ತರ, ಅವಧಿ, ನೀರಿನ ಆಳ ಇವುಗಳನ್ನು ಬರೆದಿಡುವುದು ಕಡ್ಡಾಯವಾಗಬೇಕೆಂದು ನಾವು ಸೂಚಿಸುತ್ತೇವೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತಿರುವಾಗ, ತಕ್ಕ ದಿನವನ್ನು ಆರಿಸಿಕೊಳ್ಳುವುದೂ ಕಷ್ಟವಲ್ಲ. ತಾರೀಖೂ ರುಜುವೂ ಇಲ್ಲದ ಕಾಗದವನ್ನು ಯಾವ ಕಚೇರಿಯೂ ಪ್ರಮಾಣವೆಂದು ಅಂಗೀಕರಿಸದು. ಅಲೆಯ ಲೆಕ್ಕವಿಲ್ಲದ ಚಿತ್ರಕ್ಕೂ ಅದೇ ನಿಯಮವು ಸಲ್ಲಬೇಕು.