ಹಟ್ಟಿಯ ಆಕಾಶದಲ್ಲಿ ಹೋಗುವ ವಿಮಾನ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ?

ಪ್ರಶ್ನೆ: ನಮ್ಮ ಹಟ್ಟಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಚಿನ್ನದ ಗಣಿಯ ಮೇಲೆ ಹಾರುವ ವಿಮಾನದ ಎತ್ತರ, ವೇಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ, ಹೇಗೆ?

ಉತ್ತರ: ಆ ವಿವರ ಹೇಳುವುದು ವಿಮಾನವೇ. ಜಿಪಿಎಸ್‌ನಂಥ ಉಪಗ್ರಹಗಳಿಂದ ತನ್ನ ಜಾಗ ತಿಳಿದುಕೊಂಡು, ಸೆಕೆಂಡಿಗೆ ಸುಮಾರು ಎರಡು ಸಲ 1090 ಮೆಗಾಹರ್ಟ್ಸ್‌ನಲ್ಲಿ ಅದನ್ನು ಸಾರುತ್ತದೆ. ಈ ವ್ಯವಸ್ಥೆಗೆ ಎಡಿಎಸ್-ಬಿ ಎಂದು ಹೆಸರು. ಹಳೆಯ ವಿಧಾನದಲ್ಲಿ, ಬಹುದೂರ ನೋಡುವ ರೇಡಾರ್‌ನ ಆಂಟೆನಾ ಒಂದು ಸುತ್ತು ತಿರುಗಲು ಹತ್ತು-ಹನ್ನೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಗಂಟೆಗೆ 900 ಕಿ.ಮೀ. ವೇಗದ ವಿಮಾನ ಎರಡೂವರೆ ಕಿ.ಮೀ.ಯಷ್ಟಾದರೂ ಮುಂದೆ ಹೋಗಿರುತ್ತದೆ. ಈ ವಿಳಂಬ ಇಲ್ಲದಿರುವುದೇ ಹೊಸ ವಿಧಾನದ ದೊಡ್ಡ ಲಾಭ.

ಸಂದೇಶಕ್ಕೆ ಗುಪ್ತಲಿಪಿ ಇಲ್ಲ. ಹವ್ಯಾಸಿಗಳು ಮನೆಯ ಮಾಳಿಗೆಯಲ್ಲಿಟ್ಟ ಪುಟ್ಟ ಆಂಟೆನಾವೂ ಅದನ್ನು ಹಿಡಿದು ಆ್ಯಪ್‌ಗೆ ಕಳಿಸಬಲ್ಲದು. ಆಂಟೆನಾ ಇಡಲಾಗದ ಸಾಗರಗಳ ಮೇಲೆ 2019ರಿಂದ ಇರಿಡಿಯಂ ಉಪಗ್ರಹಗಳೇ ಈ ಸಂದೇಶಗಳನ್ನು ಕೇಳಿಸಿಕೊಳ್ಳುತ್ತಿವೆ.

ವಿಮಾನ ಹೇಳುವ ಜಾಗ ಸರಿಯಿರಬೇಕಾದರೆ ಜಿಪಿಎಸ್ ಸರಿಯಿರಬೇಕು; ಅದರ ತಪ್ಪನ್ನು ತಿದ್ದಲು ನಮ್ಮಲ್ಲಿ ‘ಗಗನ್’ ಇದೆ; ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದ ಇದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಆದರೆ ಉಪಗ್ರಹದ ಸಂಕೇತವನ್ನು ಕೆಡಿಸಬಹುದು, ಸುಳ್ಳು ಜಾಗವನ್ನೂ ಸಾರಬಹುದು. ಹಾಗಾಗಿ ರೇಡಾರ್‌ಗಳನ್ನು ಕಿತ್ತುಹಾಕುವಂತಿಲ್ಲ, ಎರಡೂ ಬೇಕು.